ನಾಲಿಗೆಯ ಮೇಲಿನ ಕಹಿ

ಚಮಚ ಲೋಟಕ್ಕೆ ತಗುಲದಂತೆ ಹಾಲು ಕಲಕಬೇಕಾದರೆ ಮಣಿಕಟ್ಟನ್ನು ಬಿಗಿಹಿಡಿದು ಬೆರಳುಗಳನ್ನಷ್ಟೇ ತಿರುಗಿಸಬೇಕು. ಅಡುಗೆಮನೆಯ ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡು ನಾನು ಹಾಗೆಯೇ ಕಲಕುತ್ತಿದ್ದೆ. ಮೊದಲು ಜೇನುತುಪ್ಪ, ಆಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದುಕೊಂಡ ಔಷಧಿ, ಅದರ ಮೇಲೆ ಮತ್ತೆ ಜೇನು. ಕಿರುಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಸಿಹಿ ಬಂತು, ಅದರ ಬೆನ್ನಿಗೇ ಕಹಿಯೂ ಬಂತು. ಇನ್ನಷ್ಟು ಜೇನು ಸುರಿದೆ. ಸಿರಿಂಜನ್ನು ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ಒರೆಸಿ, ಸೋಪಿನ ಪುಡಿಯ ಡಬ್ಬಿಯ ಹಿಂದೆ ಸೇರಿಸಿದೆ.

ಗೋಡೆಯ ಆಚೆ ಅಪ್ಪ ಮಲಗಿದ್ದ. ಅವನ ಕಿವಿ ಬಲು ಚುರುಕು. ಜೀವನವಿಡೀ ಗಾಜು ಕತ್ತರಿಸಿದವನು. ಉಗುರಿನಿಂದ ಒಮ್ಮೆ ತಟ್ಟಿ, ಸದ್ದು ಕೇಳಿಯೇ ಗಾಜು ಎಷ್ಟು ದಪ್ಪ ಎಂದು ಹೇಳಿಬಿಡುತ್ತಿದ್ದ. ಬೀದಿಯವರೆಲ್ಲ ಅವನನ್ನು ಕನ್ನಡಿಯಣ್ಣ ಎಂದೇ ಕರೆಯುವುದು. ನನಗೆ ಅವನಿಟ್ಟ ಹೆಸರು ಮೂಗಿ. ಅಮ್ಮ ತೀರಿಕೊಂಡ ವರ್ಷ ನಾನು ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತೆ. ಗಿರಾಕಿಗಳ ಜೊತೆ ಮಾತಾಡುವುದು, ನಗಿಸುವುದು, ಚೌಕಾಸಿ ಮಾಡುವುದು ಅವನ ಕೆಲಸ. ಗಾಜಿನ ಅಂಚು ಉಜ್ಜುವುದು, ಚೌಕಟ್ಟಿಗೆ ಮೊಳೆ ಹೊಡೆಯುವುದು ನನ್ನದು. ಮಾತಾಡದೆ ಕೆಲಸ ಮಾಡುವುದು ನನಗೆ ಮೊದಲಿಂದಲೂ ಹಿತ. ಹೀಗೆ ಮಾತಾಡದೆ ಹಾಲು ಕಲಕುವ ದಿನ ಬರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅಪ್ಪನ ಬೆನ್ನುಮೂಳೆಯಲ್ಲಿ ಗಡ್ಡೆ ಎದ್ದಿತ್ತು. ಗುಣವಾಗುವುದಲ್ಲ, ನೋವನ್ನು ಮಾತ್ರ ತಡೆಯಬಹುದು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಮನೆಗೆ ಕಳಿಸಿದ್ದರು. ವಾರಕ್ಕೊಮ್ಮೆ ಅಲ್ಲಿಂದ ನರ್ಸಮ್ಮ ಬರುತ್ತಿದ್ದಳು, ಹೆಗಲಿಗೆ ಭಾರದ ಚೀಲ ಏರಿಸಿಕೊಂಡು. ನೋವಿನ ಔಷಧಿಯ ಬಾಟಲಿಯನ್ನು ಅವಳು ಮೊದಲ ಸಲ ಚೀಲದಿಂದ ತೆಗೆದಾಗ ಅಪ್ಪ ಕೈ ಅಡ್ಡ ಹಿಡಿದ.

"ಬೇಡ ತಾಯಿ. ವಾಪಸ್ ಇಟ್ಕೋ."

"ನೋವಿಲ್ವಾ?"

"ಇದೆ. ನಿನಗೆ ಹೇಳೋಕೆ ಬಾಯಿಲ್ಲ, ಅಷ್ಟಿದೆ."

"ಮತ್ತೆ ಯಾಕೆ ಹಠ?"

"ಒಂದು ಸಲ ಎರಡು ಬಾಗಿಲು ತಟ್ಟಿದೀನಿ. ಇನ್ನು ತಟ್ಟಲ್ಲ."

ನರ್ಸಮ್ಮ ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿತ್ತು. ಅಮ್ಮನಿಗೆ ಹುಷಾರಿಲ್ಲದಾಗ ನಮ್ಮ ಪ್ರಾರ್ಥನಾ ಮನೆಯವರು ಸರದಿಯ ಮೇಲೆ ಅವಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು, ಜಾಗ ಖಾಲಿ ಬಿಡುತ್ತಿರಲಿಲ್ಲ. ಅಪ್ಪನಿಗೇ ತಾಳ್ಮೆ ತಪ್ಪಿತು. ಯಾರಿಗೂ ಹೇಳದೆ ಗಾಡಿ ಮಾಡಿ ಅಮ್ಮನನ್ನು ಆಸ್ಪತ್ರೆಗೆ ಸಾಗಿಸಿದ. ಆಪರೇಷನ್ ಮೇಜಿನ ಮೇಲೆಯೇ ಅವಳು ಹೋಗಿಬಿಟ್ಟಳು. ಪ್ರಾರ್ಥನಾ ಮನೆಯ ಹಿರಿಯರು, ನಾವೆಲ್ಲ ದೊಡ್ಡಯ್ಯ ಎಂದು ಕರೆಯುವವರು, ಎಷ್ಟೋ ಸಲ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: ಡಾಕ್ಟರ ಕೈಯೂ ದೇವರದೇ, ನೀನು ತಪ್ಪು ಮಾಡಿಲ್ಲ. ಅಪ್ಪ ತಲೆಯಾಡಿಸುತ್ತಿದ್ದ. ಒಳಗೆ ಇಳಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ದಿನ ದೇವರ ಆ ಒಂದೇ ಬಾಗಿಲ ಮುಂದೆ ನಿಂತಿದ್ದರೆ ಅದು ತೆರೆಯುತ್ತಿತ್ತು, ತಾನೇ ಬೆನ್ನು ತಿರುಗಿಸಿ ಬಂದೆ ಎಂಬುದು ಅವನ ಲೆಕ್ಕ.

ಹೊರಡುವಾಗ ನರ್ಸಮ್ಮ ಹೊಸ್ತಿಲಲ್ಲಿ ನಿಂತು ಬಾಟಲಿಯನ್ನೂ ಒಂದು ಸಿರಿಂಜನ್ನೂ ನನ್ನ ಕೈಗಿಟ್ಟಳು. "ಬೇಡ ಅಂದೋರಿಗೆ ಬಲವಂತ ಮಾಡೋ ಹಾಗಿಲ್ಲ. ಇಲ್ಲೇ ಇರ್ಲಿ. ಅವರ ಮನಸ್ಸು ಬದಲಾದ್ರೆ ಈ ಗೆರೆವರೆಗೆ ಕೊಡು, ಅದಕ್ಕಿಂತ ಜಾಸ್ತಿ ಬೇಡ."

ಅಪ್ಪನ ಮನಸ್ಸು ಬದಲಾಗಲಿಲ್ಲ. ಬದಲಾದದ್ದು ನನ್ನದು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇದ್ದಾಗ, ಕೂಗು ಹೊರಗೆ ಕೇಳಬಾರದೆಂದು ಅವನು ದಿಂಬನ್ನು ಕಚ್ಚಿಹಿಡಿದಿದ್ದ. ಒಳಗೆ ಬಂದು ನೋಡಿದರೆ ದಿಂಬು ಹರಿದಿತ್ತು. ಅವನ ಹಲ್ಲಿನ ಸಂದಿಯಿಂದ ಹತ್ತಿಯ ಎಳೆಗಳನ್ನು ಬೆರಳಿನಿಂದ ತೆಗೆದೆ. ಆಮೇಲೆ ಹಾಲು ಬಿಸಿಗಿಟ್ಟೆ.

ಅವತ್ತು ಅವನು ಮಗುವಿನ ಹಾಗೆ ನಿದ್ದೆಹೋದ. ಎದ್ದವನು ಸ್ವಲ್ಪ ಹೊತ್ತು ಚಾವಣಿ ನೋಡುತ್ತಾ ಮಲಗಿದ್ದ. ಕಾಲಿನ ಬೆರಳುಗಳನ್ನು ಒಂದೊಂದಾಗಿ ಅಲುಗಿಸಿದ.

"ಮೂಗೀ, ಬಾ ಇಲ್ಲಿ. ನೋವು ಹೋಯ್ತು ಕಣೇ."

ಹೇಳಿಬಿಡಬೇಕೆಂದು ನಾನು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಅವನ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. "ಮೇಲಿರೋನು ನನ್ನ ಕ್ಷಮಿಸಿದ," ಎಂದ. "ನಿಮ್ಮಮ್ಮನ ವಿಷಯದಲ್ಲಿ. ಕೊನೆಗೂ ಕ್ಷಮಿಸಿಬಿಟ್ಟ."

ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ನಾನೂ ಅದೇ ಪ್ರಾರ್ಥನಾ ಮನೆಯಲ್ಲಿ ಬೆಳೆದವಳು. ದೇವರಿಲ್ಲ ಎಂದು ಒಂದು ದಿನವೂ ನನಗೆ ಅನ್ನಿಸಿದ್ದಿಲ್ಲ. ಅನ್ನಿಸಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಬೇರೆಯವರ ಹೆಸರಿನಲ್ಲಿ ಸಹಿ ಹಾಕಿದವಳ ಹಾಗೆ ಓಡಾಡುತ್ತಿದ್ದೆ. ಅಪ್ಪ ಲೋಟ ಹಿಡಿದು ಕಣ್ಣು ಮುಚ್ಚಿ, ಹಾಲಿಗಾಗಿ, ಅದನ್ನು ತಂದ ಕೈಗಾಗಿ ದೇವರಿಗೆ ವಂದನೆ ಹೇಳುವಾಗ ನಾನು ಕಿಟಕಿಯ ಸರಳುಗಳನ್ನು ನೋಡುತ್ತಿದ್ದೆ. ಆದರೂ ಕಲಕುವುದನ್ನು ಬಿಡಲಿಲ್ಲ. ಅವನು ಮತ್ತೆ ನಗತೊಡಗಿದ್ದ. ಅಂಗಡಿಯಲ್ಲಿ ನಾನು ಗಾಜಿನ ಮೇಲೆ ಗೆರೆ ಎಳೆಯುವ ಸದ್ದು ಕೇಳಿ ಒಳಗಿನಿಂದಲೇ ಕೂಗುತ್ತಿದ್ದ: "ಏನೇ ಅದು, ಗಾಜು ಕೊಯ್ತಿದ್ದೀಯೋ ಬೆಕ್ಕಿನ ಬಾಲ ತುಳೀತಿದ್ದೀಯೋ?" ಆ ನಗುವಿನ ಆಸೆ ನನಗೂ ಹತ್ತಿತ್ತು.

ಪ್ರಾರ್ಥನಾ ಮನೆ ಇರುವುದು ಟೈರ್ ಗೋದಾಮಿನ ಮಹಡಿಯಲ್ಲಿ. ಗುಣವಾದವರು ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳುವುದು ಅಲ್ಲಿನ ರೂಢಿ. ನಾಲ್ವರು ಅಪ್ಪನನ್ನು ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ರಬ್ಬರಿನ ವಾಸನೆಯ ಆ ಕೋಣೆಯಲ್ಲಿ ಅವನು ಪ್ಲಾಸ್ಟಿಕ್ ಕುರ್ಚಿಗಳ ಸಾಲಿಗೆ ಎದುರಾಗಿ ಕೂತು, ಮೆಲ್ಲಗೆ ಎಲ್ಲವನ್ನೂ ಹೇಳಿದ.

"ನೋವು ಸುಮ್ನೆ ಹೋಗ್ಲಿಲ್ಲ. ಹೋಗೋ ಮುಂಚೆ ನಾಲಿಗೆ ಮೇಲೆ ಕಹಿ ಬಂತು. ಈಗ್ಲೂ ದಿನಾ ಬರುತ್ತೆ. ರೋಗ ಬಾಯಿಂದ ಇಳಿದು ಹೋಗ್ತಿರೋ ಗುರುತು ಅದು. ನನಗೆ ಗೊತ್ತಾಗ್ತಿದೆ."

ನಾನು ಕೊನೆಯ ಸಾಲಿನಲ್ಲಿದ್ದೆ. ಜೇನು ಸಾಲದೇ ಹೋದ ಕಡೆ ಅಪ್ಪ ಒಂದು ಗುರುತು ಕಂಡುಕೊಂಡಿದ್ದ.

"ಕಹಿ ಅಂದ್ರೆ ಎಂಥ ಕಹಿ ಅಣ್ಣಾ?" ಎಂದು ನಮ್ಮ ಬೀದಿಯ ಟೈಲರ್ ಅಕ್ಕ ಕೇಳಿದಳು. "ನಮ್ಮನೆಯವರ ಮಾತಿನ ಥರದ್ದಾ?"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. "ಅಷ್ಟೊಂದಿಲ್ಲಮ್ಮ," ಎಂದ.

ಇಳಿಯುವಾಗ ದೊಡ್ಡಯ್ಯ ಮೆಟ್ಟಿಲಲ್ಲಿ ನನ್ನನ್ನು ತಡೆದರು. "ಮಗಳೇ, ಅಪ್ಪನಿಗೆ ಔಷಧಿ ಏನಾದ್ರೂ ಕೊಡ್ತಿದ್ದೀಯಾ? ಕೊಡ್ತಿದ್ರೆ ತಪ್ಪೇನಿಲ್ಲ. ಸುಮ್ನೆ ಕೇಳಿದೆ."

ನಾನು ಇಲ್ಲವೆಂದು ತಲೆಯಾಡಿಸಿದೆ. ಮಾತಾಡದವಳಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಅವತ್ತು ತಿಳಿಯಿತು.

ಟೈಲರ್ ಅಕ್ಕನ ಅಂಗಡಿ ನಮ್ಮ ಎದುರಿಗೇ. ಗಂಡ ಲಾರಿ ಓಡಿಸುತ್ತಾ ಊರೂರು ಸುತ್ತುವವನು. ಅವಳಿಗೊಬ್ಬಳೇ ಮಗಳು, ನಾವು ಗುಬ್ಬಿ ಎಂದು ಕರೆಯುವ ಹುಡುಗಿ. ಗುಬ್ಬಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಾ ಮಾತ್ರೆ ನುಂಗಿದರೆ ಫಿಟ್ಸ್ ಬರುತ್ತಿರಲಿಲ್ಲ, ಆದರೆ ಮಂಪರು ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. "ಇವಳು ಮಾತ್ರೆ ನುಂಗ್ತಿದ್ದಾಳೋ, ಮಾತ್ರೆ ಇವಳನ್ನ ನುಂಗ್ತಿದೆಯೋ, ನೀನೇ ಹೇಳು," ಎಂದು ಅಕ್ಕ ಅನ್ನುತ್ತಿದ್ದಳು.

ಸಾಕ್ಷಿ ಹೇಳಿದ ಕೆಲವು ದಿನಗಳಿಗೆ ಗುಬ್ಬಿ ಬೀದಿಯಲ್ಲಿ ಹಗ್ಗ ಹಿಡಿದು ಕುಣಿಯುವುದನ್ನು ಕಂಡೆ. ಕಣ್ಣುಗಳು ಫಳಫಳ ಹೊಳೆಯುತ್ತಿದ್ದವು. ನೋಡಿ ಖುಷಿಯಾಯಿತು. ಆಮೇಲೆ ಯೋಚನೆ ಬಂತು. ಬೀದಿ ದಾಟಿ ಹೋಗಿ ಅಕ್ಕನನ್ನು ಕೇಳಿದೆ.

"ಮಾತ್ರೆ ನಿಲ್ಲಿಸಿಬಿಟ್ಟೆ ಕಣೇ," ಎಂದಳು, ದಾರವನ್ನು ಹಲ್ಲಿನಿಂದ ಕಡಿಯುತ್ತಾ. "ನಿಮ್ಮಪ್ಪನ್ನ ಕೇಳ್ದೆ. ಒಂದೇ ಬಾಗಿಲು ಹಿಡಿ ತಾಯಿ ಅಂದ್ರು."

"ಡಾಕ್ಟರನ್ನ ಕೇಳಿದ್ರಾ?"

"ನಿಮ್ಮಪ್ಪ ಯಾವ ಡಾಕ್ಟರನ್ನ ಕೇಳಿದ್ರು?"

ನನ್ನಲ್ಲಿ ಉತ್ತರವಿತ್ತು. ಅದನ್ನು ನುಂಗಿಕೊಂಡು ಮನೆಗೆ ಬಂದೆ. ಸತ್ಯವನ್ನು ಹೇಳದೆಯೇ ಕೆಲಸ ಆಗುವುದಾದರೆ ಆಗಲಿ ಎಂದು ದೊಡ್ಡಯ್ಯನ ಬಳಿಗೆ ಹೋಗಿ, ಗುಬ್ಬಿಯ ಮಾತ್ರೆ ನಿಂತಿದೆ ಎಂದಷ್ಟೇ ಹೇಳಿದೆ. ಅವರು ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಟರು. ಮಾತ್ರೆ ನಿಲ್ಲಿಸು ಎಂದು ಯಾವ ದೇವರೂ ಹೇಳಿಲ್ಲ ಎಂದು ಅಕ್ಕನಿಗೆ ಬೀದಿಗೆ ಕೇಳುವಂತೆ ಗದರಿದರು. ಅಕ್ಕ ತಲೆ ತಗ್ಗಿಸಿ ಆಯ್ತು ಆಯ್ತು ಎಂದಳು. ಅವರು ತಿರುವು ದಾಟಿದ ಮೇಲೆ ನಮ್ಮ ಅಂಗಡಿಗೆ ಬಂದಳು.

"ದೊಡ್ಡಯ್ಯನೋರು ಹಾಗೆ ಹೇಳ್ಲೇಬೇಕು ಬಿಡು. ನಾಳೆ ಹೆಚ್ಚುಕಮ್ಮಿ ಆದ್ರೆ ಅವರ ತಲೆ ಮೇಲೆ ಬರುತ್ತಲ್ಲ. ಆದ್ರೆ ಅನುಭವಿಸಿದೋರು ಯಾರು? ಕನ್ನಡಿಯಣ್ಣ. ಅವರು ಕೊಡು ಅಂದ್ರೆ ಇವತ್ತೇ ಕೊಡ್ತೀನಿ."

ಗುಬ್ಬಿ ನಮ್ಮ ಅಂಗಡಿಗೆ ಬಂದು ಕೂರುವುದಿತ್ತು. ಒಡೆದ ಕನ್ನಡಿಯ ಚೂರುಗಳನ್ನು ನಾನು ಅಂಚು ಉಜ್ಜಿ, ಚೂಪು ಕಳೆದು ಅವಳಿಗೆ ಕೊಡುತ್ತಿದ್ದೆ. ಅವಳು ಬಿಸಿಲನ್ನು ಹಿಡಿದು ಗೋಡೆಯ ಮೇಲೆ ಓಡಿಸುತ್ತಿದ್ದಳು. ಒಂದು ಸಂಜೆ ಬಿಸಿಲ ಚುಕ್ಕಿ ಗೋಡೆಯ ಮೇಲೆ ಓಡುತ್ತಾ ಇದ್ದದ್ದು ನಿಂತುಹೋಯಿತು.

"ಅಕ್ಕಾ, ಬಾಯೆಲ್ಲಾ ಕಹಿ," ಎಂದಳು ಗುಬ್ಬಿ.

ತಿರುಗಿ ನೋಡಿದೆ. ಅವಳ ದೃಷ್ಟಿ ನನ್ನ ಮೇಲೇ ಇತ್ತು, ಆದರೆ ನೋಡುತ್ತಿರಲಿಲ್ಲ. ತುಟಿಗಳು ಏನನ್ನೋ ಚಪ್ಪರಿಸುವ ಹಾಗೆ ಆಡುತ್ತಿದ್ದವು. ಬಲಗೈಯ ಬೆರಳುಗಳು ಲಂಗದ ಅಂಚನ್ನು ಕಿತ್ತು ಕಿತ್ತು ಬಿಡುತ್ತಿದ್ದವು. ಕರೆದೆ, ಓಗೊಡಲಿಲ್ಲ. ನಾನು ಎದ್ದು ಹತ್ತಿರ ಹೋಗುವಷ್ಟರಲ್ಲಿ ಕಣ್ಣು ಪಿಳುಕಿಸಿ, "ನಾನೇನ್ ಮಾಡ್ತಿದ್ದೆ?" ಎಂದಳು.

ಓಡಿಹೋಗಿ ತನ್ನ ಅಮ್ಮನಿಗೆ ಅವಳು ಹೇಳಿದ್ದು ಕಹಿಯ ವಿಷಯ ಮಾತ್ರ. ಉಳಿದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಟೈಲರ್ ಅಕ್ಕ ಕೈಯಲ್ಲಿದ್ದ ಬಟ್ಟೆ ಬಿಸಾಕಿ, ಮಗಳನ್ನು ಎತ್ತಿಕೊಂಡು ಬೀದಿ ದಾಟಿ ಬಂದಳು. ಅಪ್ಪನ ಮಂಚದ ಪಕ್ಕ ಕುಸಿದು ಕೂತಳು. "ಅಣ್ಣಾ, ಕಹಿ ಬಂತು! ನನ್ನ ಮಗೂಗೂ ಬಂತು!" ಅಪ್ಪ ಗುಬ್ಬಿಯ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಅವನ ಮುಖದಲ್ಲಿದ್ದ ಬೆಳಕನ್ನು ನೋಡಲಾರದೆ ನಾನು ಅಂಗಡಿಗೆ ಹೋಗಿ, ಉಜ್ಜಿದ ಅಂಚನ್ನೇ ಮತ್ತೆ ಉಜ್ಜಿದೆ. ಮಗುವಿಗೆ ಏನೋ ಆಗುತ್ತಿದೆ ಎಂದು ಕೂಗಬೇಕಿತ್ತು. ಕೂಗಲಿಲ್ಲ.

ನರ್ಸಮ್ಮ ಬಂದಾಗ ಹೊಸ್ತಿಲಲ್ಲೇ ಅವಳ ಕೈ ಹಿಡಿದು ನಿಲ್ಲಿಸಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ, ತುಟಿ, ಬೆರಳು, ಲಂಗದ ಅಂಚು, ಕಹಿ. ಅವಳು ಚೀಲವನ್ನು ಕೆಳಗಿಟ್ಟಳು.

"ಅದೇ ಫಿಟ್ಸು. ಸಣ್ಣದು. ಕೆಲವರಿಗೆ ಶುರುವಿನಲ್ಲಿ ಹಾಗಾಗುತ್ತೆ, ಕೆಟ್ಟ ವಾಸನೆ ಬರುತ್ತೆ, ಇಲ್ಲ ಬಾಯಿ ಕಹಿಯಾಗುತ್ತೆ. ಮಾತ್ರೆ ನಿಲ್ಲಿಸಿದ್ದಾರಾ?"

ಹೂಂ ಎಂದೆ.

"ದೊಡ್ಡದು ಬರೋಕೆ ಹೊತ್ತು ಬೇಕಿಲ್ಲ. ಒಲೆ ಮುಂದೆ ಬಂದ್ರೆ? ರಸ್ತೆ ಮಧ್ಯ ಬಂದ್ರೆ?" ಅವಳು ಎದುರು ಅಂಗಡಿಯ ಕಡೆ ನೋಡಿದಳು. ಆಮೇಲೆ ಅಡುಗೆಮನೆಯೊಳಗೆ ಹೋಗಿ, ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಸ್ವಲ್ಪವೇ ಉಳಿದಿತ್ತು. "ಅಪ್ಪ ಒಪ್ಪಿಕೊಂಡ್ರಾ?"

ನಾನು ಸೋಪಿನ ಪುಡಿಯ ಡಬ್ಬಿಯ ಹಿಂದಿನಿಂದ ಸಿರಿಂಜನ್ನು ತೆಗೆದು ತೋರಿಸಿದೆ.

ಅವಳು ಬೈಯಲಿಲ್ಲ. "ಪಾಪಿ ಹುಡುಗಿ," ಎಂದಳು ಮೆಲ್ಲಗೆ, ಬೈಗುಳವೋ ಕನಿಕರವೋ ತಿಳಿಯದ ಹಾಗೆ. ಎದುರು ಅಂಗಡಿಗೆ ತಾನೇ ಹೋಗಿ ಬಹಳ ಹೊತ್ತು ಮಾತಾಡಿದಳು. ಅಕ್ಕ ಅವಳಿಗೆ ಚಹಾ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ಎಲ್ಲಕ್ಕೂ ಹೂಂಗುಟ್ಟಿದಳು. ವಾಪಸು ಬಂದ ನರ್ಸಮ್ಮ ಚೀಲ ಏರಿಸಿಕೊಂಡು, "ನನ್ನ ಮಾತು ಚಹಾ ಜೊತೆ ಇಳಿದು ಹೋಯ್ತು," ಎಂದಳು. "ಆಕೆಗೆ ಬೇಕಿರೋದು ನಿಮ್ಮಪ್ಪನ ಮಾತು. ನಿಮ್ಮಪ್ಪನಿಗೆ ಬೇಕಿರೋದು ನಿನ್ನ ಮಾತು. ಇನ್ನು ನೀನುಂಟು, ಅವರುಂಟು."

ಅವಳು ಹೋದ ಮೇಲೆ ನಾನು ಅಂಗಡಿಯ ಮೇಜಿಗೆ ಒರಗಿ ನಿಂತೆ. ಒಳಗೆ ಅಪ್ಪ ಹಳೆಯ ಹಾಡೊಂದನ್ನು ಗುನುಗುತ್ತಿದ್ದ. ಎದುರಿಗೆ ಗುಬ್ಬಿ ಬೀದಿಯ ಅಂಚಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು, ಅವಳ ಹಿಂದೆಯೇ ಗಾಡಿಗಳು ಹೋಗುತ್ತಿದ್ದವು. ಅಪ್ಪನಿಗೆ ಉಳಿದಿರುವ ದಿನಗಳೇ ಕಡಿಮೆ, ಅಷ್ಟನ್ನು ಅವನು ಕ್ಷಮೆ ಸಿಕ್ಕವನಾಗಿ ಕಳೆಯಲಿ, ಆಮೇಲೆ ಎಲ್ಲ ಹೇಳೋಣ ಎಂದು ಒಂದು ಮನಸ್ಸು. ಆಮೇಲೆ ಎಂಬುದು ಆ ಮಗುವಿಗೆ ಇಲ್ಲದೆ ಹೋದರೆ? ಇಬ್ಬರಲ್ಲಿ ಒಬ್ಬರಿಗೆ ನಾನು ದ್ರೋಹ ಮಾಡಲೇಬೇಕಿತ್ತು. ಇಷ್ಟು ದಿನ ಇಬ್ಬರಿಗೂ ಮಾಡುತ್ತಿದ್ದೆ.

ಬೀದಿ ದಾಟಿದೆ.

"ಅಕ್ಕಾ, ಮಿಷನ್ ನಿಲ್ಲಿಸಿ."

ಅವಳು ತುಳಿಯುವುದನ್ನು ನಿಲ್ಲಿಸಿದಳು. ನಾನು ಯಾರಿಗೂ ಹಾಗೆ ಹೇಳಿದವಳಲ್ಲ.

"ಅಪ್ಪನ ಹಾಲಿಗೆ ನೋವಿನ ಔಷಧಿ ಹಾಕ್ತಿದ್ದೀನಿ. ಮೊದಲಿಂದ್ಲೂ. ಕಹಿ ಔಷಧಿದು. ಗುಬ್ಬಿಗೆ ಬಂದ ಕಹಿ ಬೇರೆ, ಅದು ಫಿಟ್ಸ್."

ಅಕ್ಕ ನಕ್ಕಳು. ನನ್ನ ಮುಖ ನೋಡುತ್ತಾ ನೋಡುತ್ತಾ ನಗು ಆರಿತು. "ಏನೇ, ಹೊಟ್ಟೆಕಿಚ್ಚಾ ನಿನಗೆ? ನಿಮ್ಮಮ್ಮ ಉಳೀಲಿಲ್ಲ, ನನ್ನ ಮಗಳು ಉಳೀತಾಳೆ ಅಂತ?"

ಅದು ನಾಟಬೇಕಾದ ಕಡೆಯೇ ನಾಟಿತು. ನಾನು ಅಲ್ಲಿಂದ ಕದಲಲಿಲ್ಲ. ಅವಳು ಎದ್ದಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ನನ್ನ ರಟ್ಟೆ ಹಿಡಿದಳು. "ಬಾ. ಆ ಅಣ್ಣನ ಎದುರಿಗೇ ಹೇಳು ಇದನ್ನ. ಬಾ." ಗುಬ್ಬಿ ಆಟ ಬಿಟ್ಟು ನಮ್ಮ ಹಿಂದೆ ಬಂದಳು.

ಅಪ್ಪ ದಿಂಬಿಗೆ ಒರಗಿ ಕೂತಿದ್ದ. ಟೇಪು ನೋಡಿದ. "ಏನಮ್ಮಾ, ನನ್ನ ಅಳತೆ ತಗೊಳ್ಳೋಕೆ ಬಂದ್ಯಾ? ಸ್ವಲ್ಪ ಸಡಿಲಾಗೇ ಹೊಲಿ, ಮೈ ತುಂಬಿಕೊಳ್ತೀನಿ ಇನ್ನು."

"ನಿಮ್ಮ ಮೂಗಿಗೆ ಮಾತು ಬಂದಿದೆ ಅಣ್ಣಾ. ಕೇಳಿ."

ನಾನು ಅಡುಗೆಮನೆಯಿಂದ ಬಾಟಲಿ ತಂದು ಅವನ ಕೈಗಿಟ್ಟೆ. "ಇದು ಹಾಲಲ್ಲಿ ಇರ್ತಿತ್ತು ಅಪ್ಪಾ," ಎಂದೆ.

ಅವನು ನನ್ನನ್ನು ನೋಡಿದ, ಬಾಟಲಿಯನ್ನು ನೋಡಿದ. ಮುಚ್ಚಳ ತಿರುಗಿಸಿ, ಅದರ ಒಳಗೆ ಅಂಟಿದ್ದ ಹನಿಯನ್ನು ಬೆರಳಿಗೆ ತೆಗೆದು ನಾಲಿಗೆಗೆ ಮುಟ್ಟಿಸಿದ. ಬಹಳ ಹೊತ್ತು ಬಾಯೊಳಗೆ ಅದನ್ನು ಇಟ್ಟುಕೊಂಡ. ಗಾಜು ತಟ್ಟಿ ಕಿವಿಗೊಡುವಾಗ ಇರುತ್ತಿದ್ದ ಮುಖವೇ ಅದು.

"ಮೊದಲನೇ ದಿನ? ನೋವು ಹೋಯ್ತು ಅಂದ್ನಲ್ಲ, ಅವತ್ತೂನಾ?"

"ಹೂಂ."

"ಸಾಕ್ಷಿ ಹೇಳಿದ ದಿನ?"

"ಅವತ್ತೂ."

ಮುಚ್ಚಳವನ್ನು ಜಾಗ್ರತೆಯಿಂದ ಹಾಕಿದ, ಸೋರಬಾರದೆಂಬ ಹಾಗೆ. "ಹಾಗಾದ್ರೆ ಮೇಲಿರೋನು ಏನೂ ಹೇಳೇ ಇಲ್ಲ," ಎಂದ.

ಬೈಯುತ್ತಾನೆ, ಬಾಟಲಿ ಎಸೆಯುತ್ತಾನೆ ಎಂದು ಕಾದಿದ್ದೆ. ಎರಡೂ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮಂಚದ ಪಟ್ಟಿ ಹಿಡಿದುಕೊಂಡು, ಯಾರ ಸಹಾಯವೂ ಇಲ್ಲದೆ, ಇಂಚಿಂಚಾಗಿ ಗೋಡೆಯ ಕಡೆ ಮಗ್ಗುಲಾದ. ಹಾಗೆ ಮಗ್ಗುಲಾಗುವುದು ಅವನಿಗೆ ಎಷ್ಟು ನೋವು ಎಂದು ನನಗೆ ಗೊತ್ತಿತ್ತು.

ಟೈಲರ್ ಅಕ್ಕ ಮಂಚದ ಹತ್ತಿರ ಹೋದಳು. ಅವಳ ದನಿ ಸಣ್ಣದಾಗಿತ್ತು. "ಅಣ್ಣಾ, ಇವಳು ಹೇಳಿದ್ದು ಸುಳ್ಳು ಅನ್ನಿ. ಇಲ್ಲ ನಿಜ ಅನ್ನಿ. ಏನೋ ಒಂದು ಅನ್ನಿ. ನಾನೀಗ ಏನು ಮಾಡ್ಲಿ? ಕೊಡ್ಲಾ, ಬೇಡ್ವಾ?"

ಅಪ್ಪನ ಬೆನ್ನು ಅಂಗಿಯೊಳಗೆ ಏರಿ ಇಳಿಯುತ್ತಿತ್ತು. ಗುಬ್ಬಿ ಅಮ್ಮನ ಕೊರಳಿನ ಟೇಪಿನ ತುದಿ ಹಿಡಿದು ಮಂಚದ ಕಾಲನ್ನು ಅಳೆಯುತ್ತಿದ್ದಳು. ಅಕ್ಕ ನನ್ನ ಕಡೆ ನೋಡಲಿಲ್ಲ. ಅವಳಿಗೆ ನನ್ನ ಮಾತು ಬೇಕಿರಲಿಲ್ಲ. ಅವನ ಬೆನ್ನನ್ನೇ ನೋಡುತ್ತಾ ನಿಂತಿದ್ದಳು.

ನಾನು ನೆಲದ ಮೇಲೆ, ಅವನ ತಲೆಯ ಹತ್ತಿರ ಕೂತೆ.

"ಅಪ್ಪಾ, ನನ್ನ ಜೊತೆ ಮಾತಾಡ್ಬೇಡ. ಗುಬ್ಬಿಗೆ ಮಾತ್ರೆ ಕೊಡು ಅಂತ ಅಕ್ಕನಿಗೆ ಹೇಳು."